ಒಣದ್ರಾಕ್ಷಿ ಎಲ್ಲಿಂದ ಬಂತು?

ಬೆಲ್ಜಿಯಂನ ದಕ್ಷಿಣಕ್ಕೆ, ಆರ್ಡೆನ್ ಗುಡ್ಡಗಾಡಿನ ಅಂಚಿನಲ್ಲಿ ರೋಶ್‌ಫೋರ್ ಎಂಬ ಪುಟ್ಟ ಊರಿದೆ. ಊರಾಚೆ ಸೇಂಟ್ ರೆಮಿ ಮಠ. ಅಲ್ಲಿನ ಕ್ರೈಸ್ತ ಸನ್ಯಾಸಿಗಳು ತಯಾರಿಸುವ ಕಪ್ಪು ಬೀರುಗಳಲ್ಲಿ ಎಲ್ಲಕ್ಕಿಂತ ಕಡಕ್ಕಾದದ್ದಕ್ಕೆ ಬೇರೆ ಹೆಸರಿಲ್ಲ, ಬರೀ ಒಂದು ಅಂಕಿ: 10. ಅದನ್ನು ಕುಡಿದು ನೋಡಿದವರ ಟಿಪ್ಪಣಿ ಓದಿದರೆ ದಿನಸಿ ಅಂಗಡಿಯ ಚೀಟಿ ಓದಿದಂತಾಗುತ್ತದೆ. ಒಣದ್ರಾಕ್ಷಿ, ಅಂಜೂರ, ಒಣಗಿದ ಪ್ಲಮ್, ಬಾಳೆಹಣ್ಣು, ಲವಂಗ, ಚಾಕೊಲೇಟ್, ಸುಟ್ಟ ಸಕ್ಕರೆ. ಸಕ್ಕರೆಯೊಂದನ್ನು ಬಿಟ್ಟರೆ ಈ ಪಟ್ಟಿಯಲ್ಲಿರುವ ಯಾವುದೂ ಮಠದ ಹಂಡೆಗೆ ಬಿದ್ದಿರುವುದಿಲ್ಲ. ಬಿದ್ದಿರುವುದು ನೀರು, ಬಾರ್ಲಿ ಮಾಲ್ಟ್, ಗೋಧಿ ಪಿಷ್ಟ, ಬಿಳಿ ಮತ್ತು ಕಂದು ಸಕ್ಕರೆ, ಹಾಪ್ಸ್, ಯೀಸ್ಟ್, ಜೊತೆಗೆ ಒಂದಿಷ್ಟು ಕೊತ್ತಂಬರಿ ಬೀಜ.

ಹಾಗಂತ ರುಚಿ ನೋಡಿದವರು ಬುರುಡೆ ಬಿಡುತ್ತಿಲ್ಲ. ಮೂಗಿನ ಒಳಗೋಡೆಯ ಗ್ರಾಹಕಗಳಿಗೆ ಹಣ್ಣೆಂದರೇನು ಗೊತ್ತಿಲ್ಲ, ಗಾಳಿಯಲ್ಲಿ ತೇಲಿಬಂದ ಅಣುಗಳಷ್ಟೇ ಗೊತ್ತು. ಬಾಳೆಹಣ್ಣು ಮಾಗುವಾಗ ಹೊರಡುವ ಅಣುವನ್ನೇ ಯೀಸ್ಟ್ ತಯಾರಿಸಿ ಕೊಟ್ಟರೆ ಮೂಗಿನ ಮಟ್ಟಿಗೆ ಅಲ್ಲಿ ಬಾಳೆಹಣ್ಣು ಇದೆ. ಹಾಗಾದರೆ ಈ ಅಣುಗಳನ್ನೆಲ್ಲ ಯಾರು, ಯಾವ ಹಂತದಲ್ಲಿ, ಯಾತಕ್ಕೆ ತಯಾರಿಸಿದರು ಎಂಬುದು ಈ ಅಧ್ಯಾಯದ ವಿಚಾರ.

ಮೊದಲು ಮಠದ ಕತೆಯನ್ನು ಬೇಗ ಮುಗಿಸಿಬಿಡೋಣ. 1230ರಲ್ಲಿ ಶುರುವಾದ ಈ ಮಠದಲ್ಲಿ ಬೀರ್ ತಯಾರಾಗುತ್ತಿತ್ತು ಎನ್ನುವುದಕ್ಕೆ 1595ರ ದಾಖಲೆ ಇದೆ. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಸನ್ಯಾಸಿಗಳು ಚದುರಿಹೋದರು. 1887ರಲ್ಲಿ ಅಖೆಲ್ ಮಠದವರು ಬಂದು ಪಾಳುಬಿದ್ದ ಜಾಗವನ್ನು ಮತ್ತೆ ಎತ್ತಿ ನಿಲ್ಲಿಸಿದರು, 1899ರಲ್ಲಿ ಹಂಡೆಗಳಡಿ ಮತ್ತೆ ಉರಿ ಹತ್ತಿತು. 2010ರ ಡಿಸೆಂಬರಿನಲ್ಲಿ ಮಠಕ್ಕೆ ಬೆಂಕಿ ಬಿದ್ದು ಕಟ್ಟಡದ ಒಂದು ಭಾಗ ಸುಟ್ಟುಹೋದಾಗಲೂ ಬೀರ್ ತಯಾರಿಕೆಯ ಭಾಗ ಉಳಿದುಕೊಂಡಿತು. ದೇವರ ಧ್ಯಾನಕ್ಕೂ ಬೀರಿಗೂ ಎತ್ತಣ ಸಂಬಂಧ ಎಂದು ನಮ್ಮವರಿಗೆ ಅನ್ನಿಸುವುದು ಸಹಜ. ಇವರು ಪಾಲಿಸುವ ಸಂತ ಬೆನೆಡಿಕ್ಟನ ನಿಯಮದಲ್ಲಿ ಸನ್ಯಾಸಿ ತನ್ನ ಕೈದುಡಿಮೆಯಿಂದಲೇ ಬದುಕಬೇಕು ಎಂದಿದೆ. ದ್ರಾಕ್ಷಿ ಬೆಳೆಯುವ ಕಡೆ ಆ ದುಡಿಮೆ ವೈನ್ ಆಯಿತು, ಬಾರ್ಲಿಯ ನಾಡಿನಲ್ಲಿ ಬೀರ್ ಆಯಿತು.

ಈ ಪಂಥದ ಸನ್ಯಾಸಿಗಳಿಗೆ ಟ್ರಾಪಿಸ್ಟರು ಎಂದು ಹೆಸರು. ಬೀರಿನ ಮೇಲೆ ಆ ಹೆಸರನ್ನು ಕಂಡಕಂಡವರು ಹಚ್ಚಿಕೊಳ್ಳತೊಡಗಿದಾಗ ವಿಷಯ ಕೋರ್ಟಿಗೆ ಹೋಗಿ, 1962ರಲ್ಲಿ ಗೆಂಟ್ ನಗರದ ವಾಣಿಜ್ಯ ನ್ಯಾಯಾಲಯ ಮಠದವರ ಪರ ತೀರ್ಪು ಕೊಟ್ಟಿತು. 1997ರಲ್ಲಿ ಮಠಗಳು ಒಟ್ಟಾಗಿ ಸಂಘ ಕಟ್ಟಿಕೊಂಡು ಒಂದು ಮುದ್ರೆ ತಂದವು. ಮಠದ ಆವರಣದಲ್ಲೇ ತಯಾರಾಗಬೇಕು, ಸನ್ಯಾಸಿಗಳ ಉಸ್ತುವಾರಿ ಇರಬೇಕು, ಬಂದ ಹಣ ಮಠದ ಖರ್ಚಿಗೂ ದಾನಕ್ಕೂ ಹೋಗಬೇಕು ಎಂಬುದು ಷರತ್ತು. ಇವಕ್ಕೆ ಹೊಂದದ, ಆದರೆ ಯಾವುದಾದರೂ ಮಠದ ಹೆಸರು ಹೊತ್ತು ಬರುವ ಬೀರುಗಳು ಮಠದ ಮಾದರಿಯವು, ಅಂದರೆ ಅಬ್ಬೆ ಬೀರುಗಳು. ಲೆಫ್ ಇದಕ್ಕೆ ಹೆಸರುವಾಸಿ ಉದಾಹರಣೆ. ಮಠ ಇರುವುದು ಡಿನಾಂಟ್‌ನಲ್ಲಿ, ಬೀರ್ ತಯಾರಾಗುವುದು ಬಹುರಾಷ್ಟ್ರೀಯ ಕಂಪನಿಯ ಲ್ಯೂವೆನ್ ಕಾರ್ಖಾನೆಯಲ್ಲಿ. ಭಕ್ತಿಯ ಲೆಕ್ಕದಲ್ಲಿ ವ್ಯತ್ಯಾಸ ದೊಡ್ಡದಿರಬಹುದು. ರಸಾಯನಶಾಸ್ತ್ರದ ಲೆಕ್ಕದಲ್ಲಿ ಎರಡೂ ಒಂದೇ ಕುಟುಂಬ, ಮುಂದೆ ಹೇಳುವುದರಲ್ಲಿ ಹೆಚ್ಚಿನದು ಎರಡಕ್ಕೂ ಅನ್ವಯಿಸುತ್ತದೆ.

10 ಎಂಬ ಅಂಕಿ ಮದ್ಯಸಾರದ ಪ್ರಮಾಣವಲ್ಲ. ಹುದುಗುವ ಮೊದಲು ಮಾಲ್ಟಿನ ಸಿಹಿ ಕಷಾಯ ನೀರಿಗಿಂತ ಎಷ್ಟು ಸಾಂದ್ರ ಎಂದು ಅಳೆಯುವ ಬೆಲ್ಜಿಯಂನ ಹಳೆಯ ಮಾಪನ ಅದು. ಮದ್ಯಸಾರ ಅದಕ್ಕಿಂತಲೂ ಹೆಚ್ಚು, ಶೇಕಡಾ 11.3. 330 ಮಿ.ಲೀ. ಬಾಟಲಿಯಲ್ಲಿ 37 ಮಿ.ಲೀ. ಶುದ್ಧ ಮದ್ಯಸಾರ ಇರುತ್ತದೆ ಎಂದಾಯಿತು. ನಮ್ಮ ಬಾರುಗಳ ಭಾಷೆಯಲ್ಲಿ ಹೇಳುವುದಾದರೆ ಹೆಚ್ಚುಕಡಿಮೆ ಒಂದೂವರೆ ಲಾರ್ಜ್ ವಿಸ್ಕಿ. ಬೀರ್ ತಾನೇ ಎಂದು ಗಟಗಟ ಇಳಿಸಿದವರಿಗೆ ಎದ್ದು ನಿಂತಾಗ ಈ ಗಣಿತ ಅರ್ಥವಾಗುತ್ತದೆ.

ಬಾಟಲಿಯನ್ನು ಫ್ರಿಜ್ಜಿನಿಂದ ತೆಗೆದ ಕೂಡಲೇ ತೆರೆಯುವುದು ದಂಡ. ನಮ್ಮಲ್ಲಿ ಬೀರ್ ಎಂದರೆ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿನ ಹಳದಿ ಲಾಗರ್. ಅದಕ್ಕೆ ಆ ತಣ್ಪು ಸರಿ, ಅಡಗಿಸಿಡಬೇಕಾದ್ದೇ ಅಲ್ಲಿ ಹೆಚ್ಚು. ಈ ಕಪ್ಪು ಬೀರಿಗೆ 10ರಿಂದ 14 ಡಿಗ್ರಿ ಸೆಲ್ಸಿಯಸ್ ಬೇಕು. ಘಮದ ಅಣುಗಳು ದ್ರವದಿಂದ ಎದ್ದು ಗಾಳಿಗೆ ಬರಲು ಶಾಖ ಬೇಕು ಎಂಬುದು ಒಂದು ಕಾರಣ. ಇನ್ನೊಂದು ಕಾರಣ ನಾಲಿಗೆಯಲ್ಲೇ ಇದೆ. ಸಿಹಿ ಮತ್ತು ಕಹಿಯ ಸುದ್ದಿಯನ್ನು ರುಚಿಕೋಶದೊಳಗೆ ದಾಟಿಸುವ ಟಿಆರ್‌ಪಿಎಂ5 ಎಂಬ ಪ್ರೋಟೀನ್ ಬಾಗಿಲು ತಣ್ಣಗಿದ್ದಾಗ ಸರಿಯಾಗಿ ತೆರೆಯುವುದಿಲ್ಲ, ಬೆಚ್ಚಗಾದಂತೆ ಅಗಲವಾಗಿ ತೆರೆದುಕೊಳ್ಳುತ್ತದೆ. 2005ರಲ್ಲಿ ಇದನ್ನು ತೋರಿಸಿಕೊಟ್ಟವರಲ್ಲಿ ಲ್ಯೂವೆನ್ ವಿಶ್ವವಿದ್ಯಾಲಯದವರೇ ಮುಂದಿದ್ದರು. ಕರಗಿದ ಐಸ್‌ಕ್ರೀಂ ಗಟ್ಟಿ ಐಸ್‌ಕ್ರೀಮಿಗಿಂತ ಸಿಹಿ ಅನ್ನಿಸುವುದೂ ಇದೇ ಬಾಗಿಲಿನ ಕೆಲಸ.

ಬಗ್ಗಿಸುವಾಗಲೂ ಅವಸರ ಕೂಡದು. ಬಾಟಲಿಗೆ ತುಂಬುವ ಹೊತ್ತಿಗೆ ಒಂದಿಷ್ಟು ಹೊಸ ಯೀಸ್ಟ್, ಒಂದಿಷ್ಟು ಸಕ್ಕರೆ ಸೇರಿಸಿ ಮುಚ್ಚಳ ಹಾಕಿರುತ್ತಾರೆ. ಬೆಚ್ಚನೆಯ ಕೋಣೆಯಲ್ಲಿ ಕೆಲವು ದಿನ ಇಟ್ಟಾಗ ಒಳಗೇ ಎರಡನೆಯ ಸಲ ಹುದುಗುತ್ತದೆ. ಹುಟ್ಟಿದ ಇಂಗಾಲದ ಡೈಆಕ್ಸೈಡ್ ಹೊರಹೋಗಲು ದಾರಿಯಿಲ್ಲದೆ ಬೀರಿನಲ್ಲೇ ಕರಗುತ್ತದೆ, ಕೆಲಸ ಮುಗಿಸಿದ ಯೀಸ್ಟ್ ಅಡಿಯಲ್ಲಿ ಗಸಿಯಾಗಿ ಕೂರುತ್ತದೆ. ಬಾಟಲಿಯನ್ನು ಅಲುಗಿಸದೆ, ವಾಲಿಸಿದ ಗ್ಲಾಸಿನ ಒಳಮೈಗುಂಟ ಒಂದೇ ಧಾರೆಯಲ್ಲಿ ಇಳಿಸುತ್ತ ಹೋಗಿ, ಅಡಿಯಲ್ಲಿ ಬೆರಳಗಲ ಉಳಿದಾಗ ನಿಲ್ಲಿಸಬೇಕು.

ಆಗ ಮೇಲೇಳುವ ನೊರೆಯನ್ನು ಹತ್ತಿರದಿಂದ ನೋಡಿ. ಬಿಳಿಯಲ್ಲ, ಹಾಲು ಹೆಚ್ಚಾದ ಕಾಫಿಯ ಬಣ್ಣ. ಮೊದಲಿಗೆ ಕಣ್ಣಿಗೆ ಬಿಡಿಬಿಡಿಯಾಗಿ ಕಾಣದಷ್ಟು ಸಣ್ಣ ಗುಳ್ಳೆಗಳು. ನಿಮಿಷ ಕಳೆದಂತೆ ಸಣ್ಣವುಗಳ ಗಾಳಿ ಪಕ್ಕದ ದೊಡ್ಡವುಗಳಿಗೆ ಸೋರಿ, ಸಣ್ಣವು ಮಾಯವಾಗಿ ದೊಡ್ಡವು ಇನ್ನೂ ಉಬ್ಬುತ್ತವೆ. ಗುಳ್ಳೆ ಚಿಕ್ಕದಾದಷ್ಟೂ ಒಳಗಿನ ಒತ್ತಡ ಹೆಚ್ಚು ಎಂಬ ನಿಯಮದ ಫಲ ಇದು. ನೊರೆಯ ಗೋಡೆ ಕಟ್ಟುವುದು ಬಾರ್ಲಿಯ ಪ್ರೋಟೀನುಗಳು. ಅವುಗಳಲ್ಲಿ ಒಂದು, ಕಾಳಿನಲ್ಲಿ ಕೊಬ್ಬಿನ ಅಣುಗಳಿಗೆ ಅಂಟಿಕೊಳ್ಳುವ ಪುಟ್ಟ ಪ್ರೋಟೀನ್, ಹಂಡೆಯ ಕುದಿಯಲ್ಲಿ ಸುರುಳಿ ಬಿಚ್ಚಿಕೊಂಡು ನೀರಿಗೆ ಹೆದರುವ ಮೈಯನ್ನು ಹೊರಗೆ ಹಾಕುತ್ತದೆ. ಗುಳ್ಳೆ ಸಿಕ್ಕಿದ್ದೇ ಆ ಮೈಯನ್ನು ಗಾಳಿಯ ಕಡೆ ತಿರುಗಿಸಿ ನಿಂತುಬಿಡುತ್ತದೆ. ಹಾಪ್ಸಿನ ಕಹಿ ಆಮ್ಲಗಳು ಈ ಪ್ರೋಟೀನುಗಳನ್ನು ಒಂದಕ್ಕೊಂದು ಹೊಲಿಯುತ್ತವೆ. ಗ್ಲಾಸಿನ ಒಳಮೈಗೆ ಅಂಟಿ ಉಳಿಯುವ ನೊರೆಯ ಜಾಲರಿ ಈ ಹೊಲಿಗೆಯ ಗುರುತು. ಜಿಡ್ಡು ಇದರ ಶತ್ರು. ಚಿಪ್ಸ್ ತಿಂದ ತುಟಿ ತಾಗಿದ ಕಡೆಯಿಂದ ನೊರೆ ಕುಸಿಯುತ್ತ ಬರುವುದನ್ನು ಯಾರು ಬೇಕಾದರೂ ನೋಡಬಹುದು. ಮದ್ಯಸಾರ ಹೆಚ್ಚಾದರೂ ನೊರೆ ನಿಲ್ಲುವುದು ಕಷ್ಟ, ಆದ್ದರಿಂದ ಶೇಕಡಾ 11 ದಾಟಿದ ಬೀರಿನಲ್ಲಿ ಗಟ್ಟಿ ನೊರೆ ಕಂಡರೆ ತಯಾರಿಸಿದವರಿಗೆ ಶಹಬ್ಬಾಸ್ ಹೇಳಲೇಬೇಕು. ಇದಕ್ಕೆಂದೇ ಮಾಡಿದ ಅಗಲ ಬಾಯಿಯ, ಕಾಲುಳ್ಳ ಬಟ್ಟಲಿನ ಬಗ್ಗೆ ಮಾರುವವರು ಹೇಳುವುದರಲ್ಲಿ ಅರ್ಧ ನಂಬಿದರೆ ಸಾಕು. ನೋಡಲು ಚೆಂದ, ಹಿಡಿಯಲು ಹಿತ. ಘಮ ಹಿಡಿದಿಡುವುದಕ್ಕೆ ಬಾಯಿ ಕಿರಿದಾದ ವೈನ್ ಗ್ಲಾಸೇ ಮೇಲು ಎಂಬುದು ನನ್ನ ಅಭಿಪ್ರಾಯ.

ಬೆಳಕಿಗೆ ಹಿಡಿದರೆ ಬೀರ್ ಕಪ್ಪಲ್ಲ, ಅಂಚಿನಲ್ಲಿ ಕೆಂಪು ಇಣುಕುವ ಗಾಢ ಕಂದು. ಐರ್ಲೆಂಡಿನ ಸ್ಟೌಟ್ ಬೀರಿನ ಕಪ್ಪು ಬರುವುದು ಕಾಫಿ ಬೀಜದ ಹಾಗೆ ಕಡುವಾಗಿ ಹುರಿದ ಬಾರ್ಲಿಯಿಂದ. ಇಲ್ಲಿ ಆ ಸುಟ್ಟ ಕಹಿ ಇಲ್ಲ. ಬಣ್ಣ ಬರುವುದು ಒದ್ದೆಯಿರುವಾಗಲೇ ಶಾಖ ಕೊಟ್ಟು ಒಳಗೇ ಸಕ್ಕರೆಗಟ್ಟಿಸಿದ ಕ್ಯಾರಮೆಲ್ ಮಾಲ್ಟಿನಿಂದ, ಮತ್ತು ಕಂದು ಸಕ್ಕರೆಯಿಂದ. ಬೆಲ್ಜಿಯಂ ಬೀಟ್ ಸಕ್ಕರೆಯ ನಾಡು. ಬ್ರಿಟಿಷ್ ಹಡಗುಗಳ ಕಬ್ಬಿನ ಸಕ್ಕರೆ ನಿಂತುಹೋದಾಗ ನೆಪೋಲಿಯನ್ ಬೀಟ್ ಬೆಳೆಸಲು ಅಪ್ಪಣೆ ಕೊಟ್ಟ ಕಾಲದಿಂದಲೂ ಅಲ್ಲಿ ಅದು ಬೇರೂರಿದೆ. ಆ ಸಕ್ಕರೆಯನ್ನು ಪಾಕ ಮಾಡಿ, ಬಣ್ಣ ಕಡುವಾಗುವ ತನಕ ಕಾಯಿಸಿದ್ದೇ ಬೀರ್ ತಯಾರಕರ ಕ್ಯಾಂಡಿ ಪಾಕ. ವೆಸ್ಟ್‌ಮಾಲ ಮಠದ ಡುಬ್ಬೆಲ್ ಸೇರಿದಂತೆ ಈ ಬಗೆಯ ಹಲವು ಬೀರುಗಳ ಮೈಬಣ್ಣದ ಗುಟ್ಟು ಅಲ್ಲಿದೆ.

ಕಂದಾಗುವ ಈ ಕ್ರಿಯೆಯನ್ನು 1912ರಲ್ಲಿ ವಿವರಿಸಿದವನು ಫ್ರಾನ್ಸಿನ ಲೂಯಿ ಕಮಿಲ್ ಮೈಯಾರ್. ಅವನಿಗೆ ಅಡುಗೆಯ ಗೊಡವೆ ಇರಲಿಲ್ಲ. ಜೀವಕೋಶದಲ್ಲಿ ಪ್ರೋಟೀನು ಹೇಗೆ ಹೆಣೆದುಕೊಳ್ಳುತ್ತದೆ ಎಂದು ತಿಳಿಯಲು ಅಮೈನೊ ಆಮ್ಲವನ್ನೂ ಸಕ್ಕರೆಯನ್ನೂ ಒಟ್ಟಿಗೆ ಬಿಸಿಮಾಡಿದ. ದ್ರಾವಣ ಕಂದಾಯಿತು, ಘಮ್ಮೆಂದಿತು. ದೋಸೆಯ ಕೆಂಪು, ಹುರಿದ ಕಾಫಿ, ಬ್ರೆಡ್ಡಿನ ಮೇಲ್ಪದರ ಎಲ್ಲ ಇದೇ ಕ್ರಿಯೆಯ ಮಕ್ಕಳು. ಮಂಡ್ಯದ ಕಡೆ ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಬೆಲ್ಲವಾಗುವಾಗ ಏಳುವ ಘಮದಲ್ಲೂ ಇದರ ಪಾಲು ದೊಡ್ಡದು. ಬೆಲ್ಲದ ಘಮ ಬಲ್ಲ ಮೂಗಿಗೆ ಈ ಬೀರಿನ ಮೊದಲ ಅಲೆ ಅಪರಿಚಿತವಾಗಿ ತೋರುವುದಿಲ್ಲ.

ಸಕ್ಕರೆಯ ಇನ್ನೊಂದು ಉಪಕಾರವನ್ನು ಕುಡಿಯುವವರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಶೇಕಡಾ 11 ಮದ್ಯಸಾರವನ್ನು ಬರೀ ಮಾಲ್ಟಿನಿಂದ ಪಡೆಯಹೊರಟರೆ ಯೀಸ್ಟಿಗೆ ಅರಗದ ಉದ್ದುದ್ದ ಸಕ್ಕರೆ ಸರಪಳಿಗಳು ಬೇಕಾದಷ್ಟು ಉಳಿದು ಬೀರ್ ಪಾಕದಂತೆ ಮಂದವಾಗುತ್ತದೆ. ಸಾದಾ ಸಕ್ಕರೆಯನ್ನು ಯೀಸ್ಟ್ ಪೂರ್ತಿ ತಿಂದು ಮುಗಿಸುತ್ತದೆ. ಮದ್ಯ ಏರುತ್ತದೆ, ಮೈ ಹಗುರಾಗುತ್ತದೆ. ಹೀಗೆ ಹಾಕಿದ ಸಕ್ಕರೆ ಬೀರನ್ನು ಸಿಹಿ ಮಾಡದೆ ಒಣಗಿಸುತ್ತದೆ ಎಂಬುದು ಕೇಳಲು ವಿಚಿತ್ರ. ಕಡಕ್ ಬೀರಿಗೆ ಬೇಡಿಕೆ ಬರಲು ಸರ್ಕಾರವೂ ಕಾರಣ. 1919ರಲ್ಲಿ ವಾಂಡರ್‌ವೆಲ್ಡೆ ಎಂಬ ಮಂತ್ರಿಯ ಹೆಸರಿನ ಕಾಯ್ದೆ ಬಂದು ಬೆಲ್ಜಿಯಂನ ಕೆಫೆಗಳಲ್ಲಿ ಜಿನ್ನಿನಂಥ ಬಟ್ಟಿ ಇಳಿಸಿದ ಮದ್ಯ ಮಾರುವಂತಿಲ್ಲ ಎಂದಾಯಿತು. ಬಿಸಿ ಏರಿಸಿಕೊಳ್ಳಲು ಬಂದವರಿಗೆ ಬೀರೇ ಗತಿ. ತಯಾರಕರು ಬೀರನ್ನು ಏರಿಸಿದರು. ಆ ಕಾಯ್ದೆ ರದ್ದಾದದ್ದು 1983ರಲ್ಲಿ, ಅಷ್ಟರಲ್ಲಿ ರುಚಿ ಬೇರುಬಿಟ್ಟಾಗಿತ್ತು.

ಬಣ್ಣದ ವಿಷಯ ಬಿಡುವ ಮುನ್ನ ಒಂದು ಎಚ್ಚರಿಕೆ. 2001ರಲ್ಲಿ ಬೋರ್ಡೋ ನಗರದ ಸಂಶೋಧಕರು ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ, ವೈನ್ ಶಾಸ್ತ್ರ ಓದುತ್ತಿದ್ದ 54 ಮಂದಿಗೆ ಮೂಸಿ ನೋಡಿ ಎಂದು ಕೊಟ್ಟರು. ಅದೇ ಬಿಳಿ ವೈನಿಗೆ ಮೊದಲು ಜೇನು, ನಿಂಬೆ ಎಂದವರು ಈಗ ಕೆಂಪು ವೈನಿನ ಪದಗಳನ್ನೇ ಬಳಸಿದರು. ಕಂದು ಬೀರನ್ನು ಕಂಡ ಕಣ್ಣು ಕೂಡ ಮೂಗಿಗಿಂತ ಮೊದಲೇ ಒಣದ್ರಾಕ್ಷಿ ಎಂದು ಪಿಸುಗುಟ್ಟಿರುತ್ತದೆ. ಕಣ್ಣು ಮುಚ್ಚಿಕೊಂಡು ಮೂಸಿ ನೋಡುವುದು ಆಡಂಬರವಲ್ಲ, ಪ್ರಯೋಗಕ್ಕೆ ಬೇಕಾದ ಶಿಸ್ತು.

ಈಗ ಬಾಳೆಹಣ್ಣು. ಅದರ ಘಮದ ಮುಖ್ಯ ಅಣು ಐಸೊಅಮೈಲ್ ಅಸಿಟೇಟ್, ಎಸ್ಟರ್ ಎಂಬ ಗುಂಪಿಗೆ ಸೇರಿದ್ದು. ಮಾಗಿದ ಹಲಸಿನ ಘಮದಲ್ಲೂ ಇದು ಇದೆ. ಜೇನುಹುಳ ಕುಟುಕಿದಾಗ ಜೊತೆಗಾತಿಯರಿಗೆ ದಾಳಿಯ ಕರೆ ಕೊಡಲು ಬಿಡುಗಡೆ ಮಾಡುವ ವಸ್ತುವಿನಲ್ಲೂ ಇದೇ ಪ್ರಧಾನ, ಹಾಗಾಗಿ ಬಾಳೆಹಣ್ಣು ತಿನ್ನುತ್ತ ಜೇನುಪೆಟ್ಟಿಗೆಯ ಹತ್ತಿರ ಹೋಗದಿರುವುದು ಲೇಸು. ಯೀಸ್ಟ್ ಬಾರ್ಲಿಯ ಲ್ಯೂಸಿನ್ ಎಂಬ ಅಮೈನೊ ಆಮ್ಲದಿಂದ ಸಾರಜನಕವನ್ನು ಕಿತ್ತುಕೊಂಡು, ಉಳಿದ ಸಿಪ್ಪೆಯನ್ನು ಐಸೊಅಮೈಲ್ ಆಲ್ಕೋಹಾಲ್ ಮಾಡಿ ಎಸೆಯುತ್ತದೆ. ಎಟಿಎಫ್1 ಎಂಬ ಜೀನಿನ ಕಿಣ್ವ ಅದಕ್ಕೆ ಅಸಿಟೇಟ್ ತುಂಡು ಅಂಟಿಸಿದರೆ ಬಾಳೆಹಣ್ಣು ಸಿದ್ಧ. ಹೀಗೆಯೇ ಈಥೈಲ್ ಹೆಕ್ಸನೊಯೇಟ್ ಸೇಬಿನ ಕಡೆಯದು. ಈಥೈಲ್ ಅಸಿಟೇಟ್ ಇಷ್ಟಿದ್ದರೆ ಹಣ್ಣು, ಮಿತಿ ಮೀರಿದರೆ ಉಗುರುಬಣ್ಣ ಒರೆಸುವ ದ್ರವ.

ಇಷ್ಟು ಶ್ರಮಪಟ್ಟು ಘಮ ಹೊರಡಿಸಿ ಯೀಸ್ಟಿಗೆ ಏನು ಸಿಗುತ್ತದೆ? ಇದರ ಸುಳಿವು ಸಿಕ್ಕಿದ್ದು ಲ್ಯೂವೆನ್‌ನಲ್ಲಿ. ಕೆವಿನ್ ವೆರ್ಸ್ಟ್ರೆಪನ್ ವಿದ್ಯಾರ್ಥಿಯಾಗಿದ್ದಾಗ ಯೀಸ್ಟ್ ತುಂಬಿದ ಫ್ಲಾಸ್ಕುಗಳನ್ನು ವಾರಾಂತ್ಯಕ್ಕೆ ಮೇಜಿನ ಮೇಲೆ ಬಿಟ್ಟು ಹೋಗಿದ್ದರು. ಪಕ್ಕದ ಪ್ರಯೋಗಾಲಯದಿಂದ ತಪ್ಪಿಸಿಕೊಂಡ ಹಣ್ಣುನೊಣಗಳು ಘಮ ಬೀರುವ ಯೀಸ್ಟಿದ್ದ ಫ್ಲಾಸ್ಕಿಗೆ ಮುತ್ತಿದ್ದವು, ಎಟಿಎಫ್1 ಕಿತ್ತುಹಾಕಿದ ಯೀಸ್ಟಿನತ್ತ ಅವುಗಳಿಗೆ ಅಷ್ಟು ಮನಸ್ಸಿರಲಿಲ್ಲ. 2014ರಲ್ಲಿ ಅವರ ತಂಡ ಇದನ್ನು ಕ್ರಮಬದ್ಧವಾಗಿ ಪರೀಕ್ಷಿಸಿ ಪ್ರಕಟಿಸಿತು. ಯೀಸ್ಟಿಗೆ ಕಾಲಿಲ್ಲ, ರೆಕ್ಕೆಯಿಲ್ಲ. ನೊಣವನ್ನು ಕರೆದು ಅದರ ಮೈಗಂಟಿ ಮುಂದಿನ ಹಣ್ಣಿಗೆ ಸಾಗಬೇಕು. ನಾವು ದುಡ್ಡು ಕೊಟ್ಟು ಮೂಸುವ ಪರಿಮಳ ಮೂಲತಃ ನೊಣಕ್ಕೆ ಬರೆದ ಓಲೆ.

ಈ ಓಲೆಯ ದನಿಯನ್ನು ಏರಿಸುವುದು ಇಳಿಸುವುದು ತಯಾರಕರ ಕೈಯಲ್ಲಿದೆ. ಲಾಗರ್ ಯೀಸ್ಟ್ ಸಾಮಾನ್ಯವಾಗಿ 8ರಿಂದ 14 ಡಿಗ್ರಿಯ ತಂಪಿನಲ್ಲಿ ನಿಧಾನವಾಗಿ ಕೆಲಸ ಮಾಡುತ್ತದೆ, ಘಮ ಕಡಿಮೆ. ಮಠದ ಬೀರುಗಳ ಯೀಸ್ಟ್ 20 ಡಿಗ್ರಿ ದಾಟಿದ ಬೆಚ್ಚಗಿನಲ್ಲಿ ಹುದುಗುತ್ತದೆ. ಕಷಾಯ ಸಾಂದ್ರವಾದಷ್ಟೂ ಎಸ್ಟರುಗಳು ಹೆಚ್ಚು. ತೊಟ್ಟಿ ಎತ್ತರವಾಗಿ ಒಳಗೆ ಇಂಗಾಲದ ಡೈಆಕ್ಸೈಡಿನ ಒತ್ತಡ ಏರಿದರೆ ಅವು ಕಡಿಮೆಯಾಗುತ್ತವೆ. ಯೀಸ್ಟಿನ ತಳಿಯಂತೂ ಕುಲದೇವರಿದ್ದಂತೆ. ಎರಡನೇ ಮಹಾಯುದ್ಧದ ನಂತರ ಷಿಮೇ ಬೀರಿನ ಮಠದಲ್ಲಿ ಫಾದರ್ ಥಿಯೊಡೋರ್ ತಮ್ಮ ಯೀಸ್ಟ್ ತಳಿಯನ್ನು ಬಿಡಿಸಿ ತೆಗೆದದ್ದು ಲ್ಯೂವೆನ್‌ನ ಪ್ರಾಧ್ಯಾಪಕ ಜಾನ್ ಡಿ ಕ್ಲರ್ಕರ ನೆರವಿನಿಂದ. ಆ ಪ್ರಾಧ್ಯಾಪಕರ ಸಮಾಧಿಯೂ ಮಠದ ನೆಲದಲ್ಲೇ ಇದೆ.

ಲವಂಗದ ಕತೆ ಬೇರೆ. ಬಾರ್ಲಿ ಕಾಳಿನ ಕೋಶಭಿತ್ತಿಯಲ್ಲಿ ಫೆರುಲಿಕ್ ಆಮ್ಲ ಇರುತ್ತದೆ. ಕೆಲವು ಯೀಸ್ಟುಗಳು ಅದರಿಂದ ಇಂಗಾಲದ ಡೈಆಕ್ಸೈಡ್ ತುಂಡನ್ನು ಮುರಿದು 4-ವಿನೈಲ್ ಗ್ವಾಯಕಾಲ್ ಮಾಡುತ್ತವೆ. ನಿಜವಾದ ಲವಂಗದ ಯೂಜಿನಾಲ್ ಇದರ ದಾಯಾದಿ, ಎರಡರ ಬೆನ್ನೆಲುಬೂ ಒಂದೇ. ಹೆಚ್ಚಿನ ಬೀರ್ ಯೀಸ್ಟುಗಳು ಈ ಶಕ್ತಿಯನ್ನು ಕಳೆದುಕೊಂಡಿವೆ. 2016ರಲ್ಲಿ ವೆರ್ಸ್ಟ್ರೆಪನ್ ಅವರೂ ಇದ್ದ ತಂಡ 157 ಯೀಸ್ಟ್ ತಳಿಗಳ ಜೀನೋಮ್ ಓದಿದಾಗ, ಮಸಾಲೆ ವಾಸನೆ ಕೊಡುವ ಜೀನುಗಳು ಬೀರ್ ತಳಿಗಳಲ್ಲಿ ಮತ್ತೆ ಮತ್ತೆ ಕೆಟ್ಟುಹೋಗಿರುವುದು ಕಂಡಿತು. ಆ ವಾಸನೆ ಬಂದ ಪೀಪಾಯಿಯ ಗಸಿಯನ್ನು ಜನ ಮುಂದಿನ ಸಲಕ್ಕೆ ಎತ್ತಿಡಲಿಲ್ಲ, ಅಷ್ಟೆ. ಯೀಸ್ಟ್ ಎಂಬ ಜೀವಿ ಇದೆ ಎಂದೇ ತಿಳಿಯದವರು ಅದನ್ನು ಹಸುವಿನಂತೆ ಪಳಗಿಸಿಬಿಟ್ಟಿದ್ದರು. ಬೀರ್ ಯೀಸ್ಟಿನ ಒಂದು ದೊಡ್ಡ ಕವಲು ಹೀಗೆ ಬೇರ್ಪಟ್ಟ ಕಾಲ 16ನೇ ಶತಮಾನದ ಕೊನೆಯ ಭಾಗ ಎಂದು ಆ ಲೆಕ್ಕಾಚಾರ ಹೇಳುತ್ತದೆ. ರೋಶ್‌ಫೋರಿನ 1595ರ ದಾಖಲೆಗೆ ಇದು ತಾಳೆಯಾಗುವುದು ಕಾಕತಾಳೀಯವಷ್ಟೇ. ಬೆಲ್ಜಿಯಂನ ಕೆಲವು ಬೀರುಗಳಲ್ಲಿ, ಜರ್ಮನಿಯ ಗೋಧಿ ಬೀರಿನಲ್ಲಿ ಮಾತ್ರ ಜನ ಲವಂಗದ ವಾಸನೆಯನ್ನು ಬೇಕೆಂದೇ ಉಳಿಸಿಕೊಂಡರು.

ಇನ್ನು ಶೀರ್ಷಿಕೆಯ ಪ್ರಶ್ನೆ. ಒಣದ್ರಾಕ್ಷಿ ಎಂಬುದಕ್ಕೆ ಬಾಳೆಹಣ್ಣಿನ ಹಾಗೆ ಒಂದೇ ಅಣು ಇಲ್ಲ. ಬೀಟಾ ಡಮಸ್ಕಿನೋನ್ ಅದರಲ್ಲಿ ಒಂದು ಪಾಲು. ಬಲ್ಗೇರಿಯದ ಗುಲಾಬಿ ಎಣ್ಣೆಯಲ್ಲಿ ಮೊದಲು ಪತ್ತೆಯಾದ ಇದು ನೀರಿನಲ್ಲಿ ಶತಕೋಟಿಗೆ ಒಂದು ಪಾಲಿಗಿಂತ ಕಡಿಮೆ ಇದ್ದರೂ ಮೂಗಿಗೆ ಸಿಗುತ್ತದೆ. ಒಂಟಿಯಾಗಿದ್ದರೆ ಬೇಯಿಸಿದ ಸೇಬು, ಗುಲಾಬಿ. ಕ್ಯಾರಮೆಲ್ ವಾಸನೆಯ ಅಣುಗಳ ಜೊತೆ ಸೇರಿದಾಗ ಒಣಹಣ್ಣು. ಮೈಯಾರ್ ಕ್ರಿಯೆಯ ಕೂಸುಗಳಾದ ಆಲ್ಡಿಹೈಡುಗಳು ಅದಕ್ಕೆ ಕೋಕೊ ಮತ್ತು ಜೇನಿನ ಛಾಯೆ ಕೊಡುತ್ತವೆ, ಎಸ್ಟರುಗಳು ಹಣ್ಣನ್ನು ತುಂಬುತ್ತವೆ. ಮಿಕ್ಕ ಕೆಲಸ ಮಿದುಳಿನದು. ಆಸ್ಟ್ರೇಲಿಯಾದ ಡೇವಿಡ್ ಲೈಂಗ್ 1980ರ ದಶಕದ ಕೊನೆಯಲ್ಲಿ ವಾಸನೆಗಳನ್ನು ಬೆರೆಸಿ ಕೊಟ್ಟು ನೋಡಿದಾಗ, ಬೆರಕೆಯಲ್ಲಿ ಮೂರು ನಾಲ್ಕಕ್ಕಿಂತ ಹೆಚ್ಚನ್ನು ಬಿಡಿಸಿ ಹೇಳುವುದು ತರಬೇತಿ ಪಡೆದ ಮೂಗಿಗೂ ಆಗಲಿಲ್ಲ. ನೂರಾರು ಅಣುಗಳು ಒಟ್ಟಿಗೆ ಬಂದಾಗ ಮಿದುಳು ಒಂದೊಂದನ್ನೂ ಎಣಿಸುತ್ತ ಕೂರುವುದಿಲ್ಲ, ಹತ್ತಿರದ ನೆನಪೊಂದನ್ನು ಎತ್ತಿ ಕೊಡುತ್ತದೆ. ಟಿಪ್ಪಣಿಯಲ್ಲಿ ಹದಿನೈದು ಹಣ್ಣು ಪಟ್ಟಿ ಮಾಡುವವರನ್ನು ಕಂಡರೆ ನನಗೆ ಅನುಮಾನ.

ಇಲ್ಲಿ ನಮ್ಮ ಮೂಗಿಗೆ ಸಲ್ಲಬೇಕಾದ ಒಂದು ಅಣು ಇದೆ, ಸೊಟೊಲೋನ್. ಮೆಂತ್ಯದ ಕಾಳಿಗೆ ಆ ವಾಸನೆ ಕೊಡುವುದೇ ಇದು. ಶುದ್ಧೀಕರಿಸದ ಕಬ್ಬಿನ ಸಕ್ಕರೆಯಲ್ಲೂ ಇದೆ. ಬಾಣಂತಿಗೆ ಮೆಂತ್ಯದ ಉಂಡೆ ಕೊಡುವ ಮನೆಗಳಲ್ಲಿ ಅದರ ವಾಸನೆ ಬಾಣಂತಿಯ ಬೆವರಿಗೂ ಇಳಿಯುವುದನ್ನು ಹೆಂಗಸರು ಎಂದಿನಿಂದಲೂ ಬಲ್ಲರು. ವರ್ಷಗಟ್ಟಲೆ ಇಟ್ಟ ಕಪ್ಪು ಬೀರಿನಲ್ಲಿ ಈ ಅಣು ಹುಟ್ಟುತ್ತದೆ. ಯುರೋಪಿನ ರುಚಿಗಾರರು ಅದನ್ನು ಮೇಪಲ್ ಪಾಕ, ಆಕ್ರೋಟು, ಮದೀರಾ ವೈನ್ ಎಂದು ಬರೆದುಕೊಳ್ಳುತ್ತಾರೆ. ಕನ್ನಡದವರು ಮೆಂತ್ಯ ಎಂದು ಬರೆದರೆ ಅವರಿಗಿಂತ ನಿಖರವಾಗಿರುತ್ತದೆ.

ಈಗ ಗುಟುಕು. ಮೂಗು ಹಿಡಿದುಕೊಂಡು ಒಂದು ಗುಟುಕು ಬಾಯಿಗೆ ಹಾಕಿ. ಸ್ವಲ್ಪ ಸಿಹಿ, ಸ್ವಲ್ಪ ಕಹಿ, ಹುಳಿಯ ಎಳೆ, ಚುರುಚುರು, ಬಿಸಿ. ಇಷ್ಟೇ. ನುಂಗಿದ ಮೇಲೆ ಮೂಗು ಬಿಡಿ. ಗಂಟಲ ಹಿಂಬದಿಯಿಂದ ಮೂಗಿಗೆ ಏರುವ ಉಸಿರಿನೊಡನೆ ಒಣದ್ರಾಕ್ಷಿ, ಚಾಕೊಲೇಟ್ ಎಲ್ಲ ಒಮ್ಮೆಗೇ ನುಗ್ಗುತ್ತವೆ. ಬಾಯಿಯ ರುಚಿ ಎಂದು ನಾವು ಕರೆಯುವುದರ ಬಹುಪಾಲು ಹಿಂಬಾಗಿಲಿನಿಂದ ಬಂದ ವಾಸನೆ. ಈ ಬೀರು ಅನ್ನಿಸುವಷ್ಟು ಸಿಹಿಯೂ ಅಲ್ಲ. ಕ್ಯಾರಮೆಲ್ ವಾಸನೆ ಜೊತೆಗಿದ್ದರೆ ಅದೇ ಸಕ್ಕರೆ ನೀರು ಇನ್ನಷ್ಟು ಸಿಹಿ ಎಂದು ನಾಲಿಗೆ ನಂಬುವುದನ್ನು ಪ್ರಯೋಗಗಳು ತೋರಿಸಿವೆ.

ಚುರುಚುರು ಗುಳ್ಳೆಗಳು ಒಡೆಯುವುದರಿಂದ ಬರುತ್ತದೆ ಎಂದುಕೊಳ್ಳುತ್ತೇವೆ. ಗುಳ್ಳೆಯ ಪಾತ್ರ ಸಣ್ಣದು. ನಾಲಿಗೆಯ ಹುಳಿ ಗುರುತಿಸುವ ಕೋಶಗಳ ಮೇಲಿರುವ ಒಂದು ಕಿಣ್ವ ಕರಗಿದ ಇಂಗಾಲದ ಡೈಆಕ್ಸೈಡನ್ನು ಆಮ್ಲವಾಗಿಸುತ್ತದೆ ಎಂದು 2009ರಲ್ಲಿ ಇಲಿಗಳಲ್ಲಿ ಕಂಡುಕೊಂಡರು. ಹಿಮಾಲಯ ಹತ್ತುವವರು ಎತ್ತರದ ತಲೆಸುತ್ತಿಗೆ ನುಂಗುವ ಡಯಾಮಾಕ್ಸ್ ಮಾತ್ರೆ ಈ ಬಗೆಯ ಕಿಣ್ವಗಳನ್ನೇ ತಡೆಯುತ್ತದೆ, ಆಗ ಸೋಡಾ ಬೀರ್ ಎಲ್ಲ ಸಪ್ಪೆ. ಎದೆಗಿಳಿಯುವ ಬಿಸಿಗೂ ಒಂದು ವಿಳಾಸವಿದೆ. ಮೆಣಸಿನಕಾಯಿಯ ಖಾರ ತಾಗುವ ಟಿಆರ್‌ಪಿವಿ1 ಗ್ರಾಹಕ ಸಾಮಾನ್ಯವಾಗಿ 42 ಡಿಗ್ರಿಯ ಸುಮಾರಿಗೆ ಸುಡುತ್ತಿದೆ ಎಂದು ಕೂಗುತ್ತದೆ. ಮದ್ಯಸಾರ ಆ ಗೆರೆಯನ್ನು 34ರ ಹತ್ತಿರಕ್ಕೆ ಇಳಿಸುತ್ತದೆ ಎಂದು ಇಟಲಿಯ ಸಂಶೋಧಕರು 2002ರಲ್ಲಿ ತೋರಿಸಿದರು. ಅಂದರೆ ನಮ್ಮ ಮೈಬಿಸಿಯೇ ನಮಗೆ ಸುಡುತ್ತದೆ.

ಇಷ್ಟೆಲ್ಲ ಅಳೆದ ಮೇಲೆ ಯಾವ ಬೀರ್ ಜನರಿಗೆ ಹಿಡಿಸುತ್ತದೆ ಎಂದು ಯಂತ್ರ ಹೇಳಬಲ್ಲದೆ? ವೆರ್ಸ್ಟ್ರೆಪನ್ ಅವರ ತಂಡವೇ ಇದಕ್ಕೂ ಕೈಹಾಕಿತು. ಬೆಲ್ಜಿಯಂನ 250 ಬೀರುಗಳಲ್ಲಿ ಇನ್ನೂರಕ್ಕೂ ಹೆಚ್ಚು ರಾಸಾಯನಿಕ ಗುಣಗಳನ್ನು ಅಳೆದು, ತರಬೇತಿ ಪಡೆದ 16 ರುಚಿಗಾರರ ಅಂಕಗಳನ್ನೂ ಕುಡಿದವರು ಬರೆದ 1,80,000ಕ್ಕೂ ಹೆಚ್ಚು ಅಭಿಪ್ರಾಯಗಳನ್ನೂ ಕಂಪ್ಯೂಟರಿಗೆ ಉಣಿಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿತು. ಮೆಚ್ಚುಗೆಯನ್ನು ಊಹಿಸುವುದರಲ್ಲಿ ಹಳೆಯ ಸಂಖ್ಯಾಶಾಸ್ತ್ರದ ವಿಧಾನಗಳಿಗಿಂತ ಯಂತ್ರ ಮುಂದಿತ್ತು. ಅದು ಸೂಚಿಸಿದ ಕೆಲವು ವಸ್ತುಗಳನ್ನು ಅಂಗಡಿಯ ಬೀರಿಗೆ ಬೆರೆಸಿ ಕೊಟ್ಟಾಗ ರುಚಿಗಾರರು ಹೆಚ್ಚು ಅಂಕ ಕೊಟ್ಟರು. ಮಠದವರು ನಿರುದ್ಯೋಗಿಗಳಾಗುತ್ತಾರೆ ಎಂದು ನನಗೇನೂ ಅನ್ನಿಸುವುದಿಲ್ಲ. ಯಂತ್ರಕ್ಕೆ ಏನು ಬೇಕೆಂದು ಗೊತ್ತಾಗಿದೆ, ಅದನ್ನು ಯೀಸ್ಟಿನಿಂದ ಮಾಡಿಸುವುದು ಬೇರೆಯೇ ಕೆಲಸ.

ಅದೂ ಅಲ್ಲದೆ ಬಾಟಲಿಯೊಳಗಿನ ರಸಾಯನ ನಿಂತ ನೀರಲ್ಲ. ವರ್ಷ ಕಳೆದಂತೆ ಐಸೊಅಮೈಲ್ ಅಸಿಟೇಟ್ ಒಡೆದು ಬಾಳೆಹಣ್ಣು ಮಾಸುತ್ತದೆ, ಲವಂಗವೂ ಹಿಂದೆ ಸರಿಯುತ್ತದೆ. ಮುಚ್ಚಳದಂಚಿನಿಂದ ನುಸುಳುವ ಚೂರು ಆಮ್ಲಜನಕ ಮತ್ತು ಕಾಲ ಸೇರಿ ಡಮಸ್ಕಿನೋನನ್ನೂ ಸೊಟೊಲೋನನ್ನೂ ಏರಿಸುತ್ತವೆ. ಹೊಸ ಬಾಟಲಿ ಹಣ್ಣಿನ ಕಡೆ ವಾಲಿದರೆ ಹಳೆಯದು ಒಣಹಣ್ಣಿನ ಕಡೆ ವಾಲುತ್ತದೆ. ಲೂವೆನ್-ಲ-ನೂವ್ ನಗರದ ಸಂಶೋಧಕರು 2015ರಲ್ಲಿ ಹಳೆಯ ಬೀರಿನ ಸೊಟೊಲೋನ್ ಬಗ್ಗೆ ಬರೆದಾಗ ಅದನ್ನು ಸೇರಿಸಿದ್ದು ಕೆಟ್ಟ ವಾಸನೆಗಳ ಪಟ್ಟಿಗೆ. ಸಂಗ್ರಹಕಾರರು ಅದೇ ವಾಸನೆಗೆ ಹೆಚ್ಚು ಹಣ ತೆರುತ್ತಾರೆ. ನನ್ನ ಓಟು ಎರಡು ಮೂರು ವರ್ಷದ ಬಾಟಲಿಗೆ, ಆಗ ಎರಡೂ ಪಕ್ಷ ಸದನದಲ್ಲಿರುತ್ತವೆ.

ಅಡಿಯಲ್ಲಿ ಉಳಿಸಿದ ಬೆರಳಗಲ ಗಸಿಯನ್ನು ಹೊಸ ಬಾಟಲಿಯಾದರೆ ಕೊನೆಗೆ ಗ್ಲಾಸಿಗೆ ಸುರಿದುಕೊಳ್ಳಬಹುದು. ಬೀರ್ ಮಬ್ಬಾಗುತ್ತದೆ, ಬ್ರೆಡ್ಡಿನ ಹಿಟ್ಟಿನ ರುಚಿ ಬರುತ್ತದೆ, ಬಿ ಜೀವಸತ್ವವೂ ಒಂದಿಷ್ಟು ಸಿಗುತ್ತದೆ. ಬೆಲ್ಜಿಯಂನಲ್ಲಿ ಕೆಲವರು ಇದನ್ನು ಪುಟ್ಟ ಗ್ಲಾಸಿನಲ್ಲಿ ಬೇರೆಯಾಗಿಯೇ ಕುಡಿಯುತ್ತಾರೆ. ತೀರಾ ಹಳೆಯ ಬಾಟಲಿಯದಾದರೆ ಬೇಡ. ಸತ್ತ ಯೀಸ್ಟ್ ಕೋಶಗಳು ಒಡೆದು ಅದಕ್ಕೆ ಸೋಯಾ ಸಾಸಿನ, ಮಾಂಸದ ಸಾರಿನ ವಾಸನೆ ಬಂದಿರುತ್ತದೆ.